ಆಕಾಶದಿಂದ ಬಿದ್ದದ್ದು ಈಗ ಯಾರ ಕೈಯಲ್ಲಿದೆ?

ಸೊಲ್ಲಾಪುರ ಜಿಲ್ಲೆಯಲ್ಲಿ ಆಕಾಶದಿಂದ ಸಾಮಾನು ಬೀಳುವುದು ನಿಜ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆಯ ಕನ್ನಡ ಹಳ್ಳಿಗಳಲ್ಲಿ ಯಾರಾದರೂ ಬಂದು ‘ನಮ್ಮ ಹೊಲದಾಗ ಮ್ಯಾಲಿಂದ ಏನೋ ಬಿದ್ದೈತ್ರಿ’ ಎಂದರೆ ನಕ್ಕು ಕಳಿಸುವ ಹಾಗಿಲ್ಲ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ, ಅಂದರೆ ಟಿಐಎಫ್‌ಆರ್‌ನ, ಬಲೂನು ಕೇಂದ್ರವಿದೆ. ಅಲ್ಲಿಂದ ವಿಜ್ಞಾನಿಗಳು ಹೈಡ್ರೋಜನ್ ತುಂಬಿದ, 50ರಿಂದ 85 ಮೀಟರ್ ಅಗಲದ ಪಾಲಿಥಿನ್ ಬಲೂನುಗಳನ್ನು ರಾತ್ರಿ ಹೊತ್ತು ಹಾರಿಸುತ್ತಾರೆ. ಅವು 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಉಪಕರಣಗಳ ಪೆಟ್ಟಿಗೆ ಬಣ್ಣದ ದೊಡ್ಡ ಪ್ಯಾರಾಚೂಟಿಗೆ ಜೋತುಬಿದ್ದು ಕೆಳಗಿಳಿಯುತ್ತದೆ. ಎಲ್ಲಿ ಇಳಿಯುತ್ತದೆ ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ. ಸಂಸ್ಥೆಯೇ ಹೊರಡಿಸುವ ಪ್ರಕಟಣೆಗಳ ಪ್ರಕಾರ ಹೈದರಾಬಾದಿನಿಂದ 200–350 ಕಿಲೋಮೀಟರ್ ದೂರದವರೆಗೆ, ಸುಮಾರಾಗಿ ವಿಶಾಖಪಟ್ಟಣ–ಹೈದರಾಬಾದ್–ಸೊಲ್ಲಾಪುರ ಗೆರೆಯ ಗುಂಟ.

ಅಂದರೆ ನಮ್ಮ ಜೋಳದ ಹೊಲಗಳು ಆ ಗೆರೆಯ ಒಂದು ತುದಿಯಲ್ಲಿವೆ.

ಇಪ್ಪತ್ತು ನಲವತ್ತು ಮೀಟರ್ ಉದ್ದದ ಹಗ್ಗ, ಅದರ ತುದಿಗೆ ತಂತಿ ಹೊರಬಂದ ಪೆಟ್ಟಿಗೆ, ಪಕ್ಕದಲ್ಲಿ ಎಕರೆಗಟ್ಟಲೆ ಹರಡಿಕೊಂಡ ತೆಳು ಪ್ಲಾಸ್ಟಿಕ್ಕು. ನಸುಕಿನಲ್ಲಿ ನೀರು ಬಿಡಲು ಹೋದ ರೈತನಿಗೆ ಇದು ಕಂಡರೆ ಎದೆ ಧಸಕ್ಕೆನ್ನುವುದು ಸಹಜವೇ. 2025ರ ಜನವರಿಯಲ್ಲಿ ಗಡಿಯಾಚೆ, ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಹೀಗೇ ಆಯಿತು. ಊರು ಗಾಬರಿಯಾಯಿತು, ಪೊಲೀಸರು ಬಂದರು, ಪೆಟ್ಟಿಗೆಯ ಜೊತೆಗೆ ಕನ್ನಡದಲ್ಲೇ ಬರೆದ ಪತ್ರ ಸಿಕ್ಕಿತು. ಟಿಐಎಫ್‌ಆರ್ ಬಲೂನು ಎಂದು ಗೊತ್ತಾಯಿತು. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ, ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮೊಗಿಲಿಗುಂಡ್ಲದಲ್ಲಿ ಗುಡಿಸಲಿನಷ್ಟು ದೊಡ್ಡ ದುಂಡನೆಯ ಕೋಶವೊಂದು ಹೊಲಕ್ಕಿಳಿದಾಗ ಜನ ಜಾತ್ರೆಯಂತೆ ನೆರೆದಿದ್ದರು. ಪ್ರವಾಸಿಗರನ್ನು ಬಲೂನಿನಲ್ಲಿ ಮೇಲಕ್ಕೆ ಕರೆದೊಯ್ಯುವ ಯೋಜನೆ ಹಾಕಿದ್ದ ಸ್ಪೇನಿನ ಕಂಪನಿಯೊಂದು ಅದೇ ಹೈದರಾಬಾದ್ ಕೇಂದ್ರದಿಂದ ಮಾಡಿಸಿದ ಖಾಲಿ ಪರೀಕ್ಷೆ ಅದು. ಒಳಗೆ ಯಾರೂ ಇರಲಿಲ್ಲ, ಅನ್ಯಗ್ರಹದವರಂತೂ ಅಲ್ಲವೇ ಅಲ್ಲ.

ಈ ಎರಡೂ ಪ್ರಕರಣ ಬೇಗ ಬಗೆಹರಿದದ್ದು ಯಾಕೆ? ಊರಿನವರು ವಿಜ್ಞಾನ ಓದಿದ್ದರು ಎಂದಲ್ಲ. ವಸ್ತು ಎಲ್ಲರ ಕಣ್ಣೆದುರು ಬಯಲಿನಲ್ಲಿತ್ತು, ಯಾರು ಬೇಕಾದರೂ ಹತ್ತಿರ ಹೋಗಿ ನೋಡಬಹುದಿತ್ತು, ಅದರ ವಾರಸುದಾರರು ತಾವಾಗಿ ಮುಂದೆ ಬಂದರು. ಅನ್ಯಲೋಕದ ವಸ್ತು ಎಂದು ಜಗತ್ತಿನಲ್ಲಿ ಈವರೆಗೆ ಮೆರೆದದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರೆ ನನಗೆ ಕಾಣುವುದು ಇಷ್ಟು: ‘ಎಲ್ಲಿಂದ ಬಂತು’ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು ‘ಈಗ ಯಾರ ಕೈಯಲ್ಲಿದೆ, ಬೇರೆಯವರಿಗೆ ತೂಗಲು ಕೊಡುತ್ತಾರೋ ಇಲ್ಲವೋ’. ಕೊಡುವುದಿಲ್ಲ ಎಂದಾದರೆ ಎರಡನೆಯ ಪ್ರಶ್ನೆಗೆ ಹೋಗುವ ಅಗತ್ಯವೇ ಇಲ್ಲ.

ಲೋಹದ ಗುಂಡುಗಳ ಕತೆ

2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಬಹುಭಾಗದಲ್ಲಿ ಜನ ಆಕಾಶದಲ್ಲಿ ಉರಿಯುತ್ತ ಸಾಗಿದ ಬೆಳಕಿನ ಸಾಲು ಕಂಡರು. ವಿಡಿಯೊಗಳು ಹರಿದಾಡಿದವು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡಬೋರಿಯಲ್ಲಿ ಸುಮಾರು ಮೂರು ಮೀಟರ್ ಅಡ್ಡಳತೆಯ ಲೋಹದ ಬಳೆ ಸಿಕ್ಕಿತು. ಆಸುಪಾಸಿನ ಊರುಗಳಲ್ಲಿ ಫುಟ್‌ಬಾಲಿಗಿಂತ ದೊಡ್ಡ ಲೋಹದ ಗುಂಡುಗಳು ಸಿಕ್ಕವು. ಚೀನಾ 2021ರ ಫೆಬ್ರವರಿಯಲ್ಲಿ ಹಾರಿಸಿದ್ದ ಚಾಂಗ್ ಝೆಂಗ್ 3ಬಿ ರಾಕೆಟ್ಟಿನ ಮೂರನೇ ಹಂತ ಆ ವೇಳೆಗೆ ಭೂಮಿಗೆ ಮರಳುವುದಿತ್ತು, ಅದರ ದಾರಿ ಇದಕ್ಕೆ ಹೊಂದುತ್ತದೆ ಎಂದು ಖಗೋಳವಿಜ್ಞಾನಿ ಜೊನಾಥನ್ ಮ್ಯಾಕ್‌ಡವೆಲ್ ತೋರಿಸಿದರು. ಇಸ್ರೋ ತಂಡವೂ ಊರಿಗೆ ಹೋಗಿ ಬಂತು. ಮುಂದಿನ ತಿಂಗಳೇ ಗುಜರಾತಿನ ಆಣಂದ, ಖೇಡಾ ಜಿಲ್ಲೆಗಳಲ್ಲಿ ಇಂಥವೇ ಗುಂಡುಗಳು ಬಿದ್ದವು.

ಗುಂಡೇ ಯಾಕೆ? ‘ಇಷ್ಟು ನುಣ್ಣಗೆ, ಇಷ್ಟು ದುಂಡಗೆ ಮನುಷ್ಯರು ಮಾಡಲಾರರು’ ಎಂಬುದು ಇಂಥ ವಿಡಿಯೊಗಳ ಖಾಯಂ ಮಾತು. ಮನುಷ್ಯರು ಮಾಡುತ್ತಾರೆ, ಅದಕ್ಕೆ ಕಾರಣವೂ ಇದೆ. ರಾಕೆಟ್ಟಿನ ಇಂಧನವನ್ನು ತಳ್ಳಲು ಹೀಲಿಯಂ ಅನಿಲವನ್ನು ವಿಪರೀತ ಒತ್ತಡದಲ್ಲಿ ತುಂಬಿಡಬೇಕು. ಆ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಕೊಳ್ಳುವ ಆಕಾರ ಗೋಳ. ಕಡಿಮೆ ತೂಕದ ಲೋಹದಲ್ಲಿ ಹೆಚ್ಚು ಗಟ್ಟಿತನ ಸಿಗುತ್ತದೆ. ಇಂಥ ಟ್ಯಾಂಕುಗಳನ್ನು ಹೆಚ್ಚಾಗಿ ಟೈಟೇನಿಯಂನಲ್ಲಿ ಮಾಡುತ್ತಾರೆ, ಅದು ಕರಗುವುದು 1,668 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಅಲ್ಯುಮಿನಿಯಂ ಭಾಗಗಳೆಲ್ಲ ದಾರಿಯಲ್ಲೇ ಸುಟ್ಟುಹೋದರೂ ಟೈಟೇನಿಯಂ ಗುಂಡು ನೆಲ ಮುಟ್ಟುತ್ತದೆ. ಬಿದ್ದದ್ದರಲ್ಲಿ ಗುಂಡುಗಳೇ ಹೆಚ್ಚು ಕಾಣುವುದರ ಗುಟ್ಟು ಇಷ್ಟೇ.

ನಮ್ಮದೂ ಬೇರೆಯವರಿಗೆ ಒಗಟಾಗಿದೆ. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಜೂರಿಯನ್ ಬೇ ಹತ್ತಿರದ ಕಡಲತೀರಕ್ಕೆ ಆಳೆತ್ತರದ ದೊಡ್ಡ ಡಬ್ಬಿಯಂಥ ವಸ್ತುವೊಂದು ತೇಲಿಬಂತು. ಕೆಲವು ದಿನ ಜಗತ್ತಿನ ಪತ್ರಿಕೆಗಳೆಲ್ಲ ಅದರದೇ ಚಿತ್ರ ಹಾಕಿದವು. ಕೊನೆಗೆ ಆಸ್ಟ್ರೇಲಿಯಾದ ಬಾಹ್ಯಾಕಾಶ ಸಂಸ್ಥೆ, ಇದು ಬಹುತೇಕ ಭಾರತದ ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೇ ಹಂತದ ಭಾಗ ಎಂದಿತು. ಶ್ರೀಹರಿಕೋಟೆಯಿಂದ ಹೊರಟ ನಮ್ಮ ಗುಜರಿಯನ್ನು ನೋಡಿ ಯಾರೋ ಆಸ್ಟ್ರೇಲಿಯಾದಲ್ಲಿ ‘ಇದು ಭೂಮಿಯದಲ್ಲ’ ಅಂದಿರಲೂಬಹುದು.

ಕರಿ ಕಲ್ಲಿನ ನಾಡಿನಲ್ಲಿ ಅಯಸ್ಕಾಂತ

ಇನ್ನು ಕಲ್ಲುಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಯೂಟ್ಯೂಬಿನಲ್ಲಿ ಎಲ್ಲರೂ ಹೇಳಿಕೊಡುವ ಪರೀಕ್ಷೆ ನಮ್ಮ ನೆಲದಲ್ಲಿ ಕೈಕೊಡುತ್ತದೆ.

‘ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಉಲ್ಕಾಶಿಲೆ’ ಎನ್ನುತ್ತಾರೆ. ಸೊಲ್ಲಾಪುರದಿಂದ ಸಾಂಗಲಿಯ ಜತ್ತದವರೆಗೆ ನಾವು ನಿಂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಮೇಲೆ. ಈ ಕರಿಕಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ಮ್ಯಾಗ್ನೆಟೈಟ್ ಜಾತಿಯ ಖನಿಜ ಹುದುಗಿದೆ. ದಾರಕ್ಕೆ ಕಟ್ಟಿದ ಬಲವಾದ ಅಯಸ್ಕಾಂತವನ್ನು ಹತ್ತಿರ ತಂದರೆ ಹೊಲದ ಬದುವಿನ ಕಲ್ಲು ಕೂಡ ಎಳೆಯುತ್ತದೆ. (ಈ ಖನಿಜವೇ ಭೂವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿದೆ. ಲಾವಾ ಆರುವಾಗ ಅದರೊಳಗೆ ಅಚ್ಚಾದ ಕಾಂತದಿಕ್ಕನ್ನು 1950ರ ದಶಕದಲ್ಲಿ ಅಳೆದಾಗಲೇ ಭಾರತ ಭೂಮಧ್ಯರೇಖೆಯ ಆಚೆಯಿಂದ ಸರಿದು ಬಂದಿದೆ ಎಂಬುದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು.) ಆದ್ದರಿಂದ ದಖ್ಖನ್ನಿನಲ್ಲಿ ಅಯಸ್ಕಾಂತದ ಪರೀಕ್ಷೆ ಪಾಸಾದರೆ ಏನೂ ಗೊತ್ತಾದಂತಲ್ಲ. ಸಾಲದ್ದಕ್ಕೆ ಈ ಲಾವಾದಲ್ಲಿ ಗುಳ್ಳೆಗಳಿದ್ದವು, ಆ ಪೊಳ್ಳುಗಳಲ್ಲಿ ಆಮೇಲೆ ಹಸಿರು, ಬಿಳಿ, ಗುಲಾಬಿ ಹರಳುಗಳು ಬೆಳೆದವು. ಬಾವಿ ತೋಡುವಾಗ ಒಡೆದ ಕಲ್ಲಿನೊಳಗಿಂದ ಹೊಳೆಯುವ ಹರಳು ಹೊರಬಿದ್ದರೆ ‘ಇದು ಬೇರೆ ಲೋಕದ್ದು’ ಎನ್ನಿಸುವುದು ಕಷ್ಟವಲ್ಲ. ಅದು ಇದೇ ಲೋಕದ್ದು, ಪುಣೆ, ಜಳಗಾಂವ ಕಡೆಯಿಂದ ಜಗತ್ತಿನ ಖನಿಜ ಸಂಗ್ರಹಗಳಿಗೆ ಹೋಗುತ್ತದೆ.

ಮೋಸಗೊಳಿಸುವ ಇನ್ನೊಂದು ವಸ್ತು ಕಿಟ್ಟ. ಕೊಲ್ಲಾಪುರದ ಫೌಂಡ್ರಿಗಳು ದೇಶಕ್ಕೆಲ್ಲ ಹೆಸರಾದವು. ಕುಲುಮೆಯಿಂದ ಬರುವ ಕಪ್ಪು, ಭಾರವಾದ, ಗಾಜಿನ ಹೊಳಪಿನ, ಗುಳ್ಳೆಗುಳ್ಳೆಯಾದ ಕಿಟ್ಟವನ್ನು ರಸ್ತೆಗೆ, ಪಾಯಕ್ಕೆ ತುಂಬಿಸುವುದು ಹೊಸದೇನಲ್ಲ. ಗುಳ್ಳೆ ಕಂಡರೆ ಅನುಮಾನ ಪಡಿ, ಉಲ್ಕಾಶಿಲೆಯ ಒಡಲಲ್ಲಿ ಗುಳ್ಳೆ ಇರುವುದು ತೀರಾ ಅಪರೂಪ. ಹೊಸದಾಗಿ ಬಿದ್ದ ಉಲ್ಕಾಶಿಲೆಯ ಗುರುತು ಬೇರೆ: ಸುಮಾರು ಒಂದು ಮಿಲಿಮೀಟರ್ ದಪ್ಪದ ಕರಿ ಸಿಪ್ಪೆ, ಒಳಗೆ ತಿಳಿ ಬೂದು ಬಣ್ಣ, ಅದರಲ್ಲಿ ಮಿನುಗುವ ಕಬ್ಬಿಣದ ಕಣ. ಕಬ್ಬಿಣದ ಉಲ್ಕೆಯಾದರೆ ನಿಕ್ಕಲ್ ಶೇಕಡಾ ಐದಕ್ಕಿಂತ ಹೆಚ್ಚೇ ಇರುತ್ತದೆ. ಅಂಥದ್ದನ್ನು ಕೊಯ್ದು ಉಜ್ಜಿ ಆಮ್ಲ ಸವರಿದರೆ ಒಂದಕ್ಕೊಂದು ಅಡ್ಡಹಾಯುವ ಪಟ್ಟೆಗಳು ಮೂಡುತ್ತವೆ. ಲಕ್ಷಾಂತರ ವರ್ಷ ನಿಧಾನವಾಗಿ ತಣಿದ ಲೋಹದಲ್ಲಿ ಮಾತ್ರ ಆ ಪಟ್ಟೆ ಬೆಳೆಯುತ್ತದೆ, ಯಾವ ಫೌಂಡ್ರಿಯೂ ಅಷ್ಟು ಕಾಯಲಾರದು.

ನಿಜವಾಗಿ ಬೇರೆ ಲೋಕದಿಂದ ಬಂದ ಕಲ್ಲುಗಳು ನಮ್ಮ ದೇಶದಲ್ಲಿ ಬಿದ್ದಿಲ್ಲವೇ? ಧಾರಾಳವಾಗಿ ಬಿದ್ದಿವೆ. 1865ರ ಆಗಸ್ಟ್ 25ರಂದು ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಐದು ಕಿಲೋ ಕಲ್ಲು ಮಂಗಳ ಗ್ರಹದ್ದು. ಮಂಗಳದ ಕಲ್ಲುಗಳ ಒಂದು ಇಡೀ ಜಾತಿಗೆ ವಿಜ್ಞಾನಿಗಳು ಆ ಊರಿನ ಹೆಸರನ್ನೇ ಇಟ್ಟಿದ್ದಾರೆ. ಮರುವರ್ಷ, 1866ರಲ್ಲಿ, ಉಡುಪಿಯ ಬಳಿ ಒಂದು ಬಿತ್ತು.  ಮಹಾರಾಷ್ಟ್ರದ ಲೋಣಾರ ಸರೋವರ ಇದೇ ಬಸಾಲ್ಟಿಗೆ ಅಪ್ಪಳಿಸಿದ ಉಲ್ಕೆ ಕೊರೆದ, 1.8 ಕಿಲೋಮೀಟರ್ ಅಗಲದ ಕುಳಿ. ಇವೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ, ವಿಶ್ವವಿದ್ಯಾಲಯಗಳ ದಾಖಲೆಯಲ್ಲಿವೆ. ಯಾರೂ ಬಚ್ಚಿಡಲಿಲ್ಲ, ಯಾರೂ ಟಿಕೆಟ್ ಇಟ್ಟು ತೋರಿಸಲಿಲ್ಲ. ಮಂಗಳ ಗ್ರಹದ ಕಲ್ಲನ್ನೇ ಒಪ್ಪಿಕೊಂಡ ವಿಜ್ಞಾನ ಬೇರೆ ಲೋಕದ ವಸ್ತು ಎಂದರೆ ಹೆದರಿ ಮುಚ್ಚಿಡುತ್ತದೆ ಎಂಬ ಆರೋಪ ನನಗಂತೂ ನಂಬಲಾಗದ್ದು.

ಕಲ್ಲು ಬೇರೆ, ಯಾರೋ ಮಾಡಿದ ವಸ್ತು ಬೇರೆ

ಮೇಲಿನಿಂದ ಬಂದದ್ದು ಎಂದು ತೋರಿಸಿದರೆ ಅರ್ಧ ದಾರಿ. ಅದನ್ನು ಯಾರೋ ತಯಾರಿಸಿದ್ದಾರೆ, ಆ ಯಾರೋ ಮನುಷ್ಯರಲ್ಲ ಎಂಬುದನ್ನು ತೋರಿಸಬೇಕಾದರೆ ಇನ್ನೂ ಎರಡು ಮೆಟ್ಟಿಲು ಹತ್ತಬೇಕು. ಈ ಪರೀಕ್ಷೆಯನ್ನು ಸರಿಯಾಗಿ ಮಾಡಿದ ಒಂದು ಪ್ರಕರಣ ನಮ್ಮ ಕಾಲದಲ್ಲೇ ನಡೆದಿದೆ.

1996ರಲ್ಲಿ ಅಮೆರಿಕದ ಒಂದು ರಾತ್ರಿ ರೇಡಿಯೊ ಕಾರ್ಯಕ್ರಮಕ್ಕೆ ಹೆಸರಿಲ್ಲದ ಪತ್ರವೊಂದರ ಜೊತೆ ಲೋಹದ ತುಣುಕುಗಳು ಬಂದವು. 1947ರಲ್ಲಿ ಬಿದ್ದ ಹಾರುವ ತಟ್ಟೆಯದು, ನಮ್ಮ ತಾತನ ಹತ್ತಿರ ಇತ್ತು ಎಂಬುದು ಪತ್ರದ ಸಾರ. ಮ್ಯಾಗ್ನೀಸಿಯಂ ಮತ್ತು ಬಿಸ್ಮತ್ತಿನ ತೆಳು ಪದರಗಳು ಒಂದರ ಮೇಲೊಂದು ಕೂತಿದ್ದ ಆ ಚೂರು ಕೈಯಿಂದ ಕೈಗೆ ದಾಟಿ, 2019ರಲ್ಲಿ ಒಂದು ಖಾಸಗಿ ಸಂಸ್ಥೆ ಅದನ್ನು 35,000 ಡಾಲರಿಗೆ ಕೊಂಡಿತು. ಇಂಥ ಲೋಹ ಭೂಮಿಯಲ್ಲಿಲ್ಲ, ಸರಿಯಾದ ತರಂಗ ಹಾಯಿಸಿದರೆ ಇದು ಗುರುತ್ವವನ್ನೇ ಮೀರಿ ತೇಲುತ್ತದೆ ಎಂದೆಲ್ಲ ಸುದ್ದಿ. ಆಮೇಲೆ ಗುರುತು ಸಿಗದ ಹಾರುವ ವಸ್ತುಗಳ ತನಿಖೆ ಮಾಡುವ, ಅಮೆರಿಕದ ರಕ್ಷಣಾ ಇಲಾಖೆಯ ಎಎಆರ್‌ಒ ಕಚೇರಿ ಅದನ್ನು ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕೊಟ್ಟಿತು. 2024ರಲ್ಲಿ ವರದಿ ಬಂತು: ಭೂಮಿಯಲ್ಲೇ ತಯಾರಾದ ಮಿಶ್ರಲೋಹ.

ಅವರು ಹೇಗೆ ಹೇಳಿದರು ಎಂಬುದು ಮುಖ್ಯ. ಮ್ಯಾಗ್ನೀಸಿಯಂ ಪರಮಾಣುಗಳಲ್ಲಿ ಮೂರು ತೂಕದವು ಇವೆ. ಭೂಮಿಯಲ್ಲಿ ಎಲ್ಲಿಯ ಮ್ಯಾಗ್ನೀಸಿಯಂ ತೆಗೆದುಕೊಂಡರೂ 24 ತೂಕದ್ದು ಶೇಕಡಾ 79ರಷ್ಟು, 25ರದ್ದು 10, 26ರದ್ದು 11. ಈ ಪಾಲು ಕುರಿಹಿಂಡಿಗೆ ಹಚ್ಚಿದ ಬಣ್ಣದ ಗುರುತಿನ ಹಾಗೆ, ಯಾವ ಹಿಂಡಿನದು ಎಂದು ದೂರದಿಂದಲೇ ತಿಳಿಯುತ್ತದೆ. ಬೇರೆ ನಕ್ಷತ್ರದ ಸುತ್ತ ಹುಟ್ಟಿದ ಲೋಹದಲ್ಲಿ ಈ ಪಾಲು ಬೇರೆ ಇರಬಹುದೆಂದು ನಿರೀಕ್ಷಿಸಬಹುದು. ಆ ಚೂರಿನ ಮ್ಯಾಗ್ನೀಸಿಯಂ ಕೂಡ, ಸೀಸ ಕೂಡ ಭೂಮಿಯ ಪಾಲಿನಲ್ಲೇ ಇದ್ದವು. ತೇಲಿಸುವ ಗುಣಕ್ಕೆ ಬೇಕೆಂದು ಹೇಳಿದ್ದ ಶುದ್ಧ ಬಿಸ್ಮತ್ ಪದರವೂ ಅಲ್ಲಿರಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ವಿಮಾನಗಳಿಗಾಗಿ ಮ್ಯಾಗ್ನೀಸಿಯಂ ಮಿಶ್ರಲೋಹಗಳ ಪ್ರಯೋಗ ಜೋರಾಗಿ ನಡೆದಿತ್ತು, ಇದು ಅಂಥ ಯಾವುದೋ ಪ್ರಯೋಗದ ಉಳಿಕೆಯಾಗಿರಲು ಸಾಧ್ಯ. ಒಂದು ಎಚ್ಚರಿಕೆಯನ್ನೂ ಸೇರಿಸಬೇಕು: ಪಾಲು ಬೇರೆ ಬಂದಿದ್ದರೂ ಅಷ್ಟರಿಂದಲೇ ‘ಅನ್ಯಲೋಕ’ ಆಗುತ್ತಿರಲಿಲ್ಲ. ಯುರೇನಿಯಂ ಸಂಸ್ಕರಿಸುವ ಮನುಷ್ಯರಿಗೆ ಪರಮಾಣುಗಳ ಪಾಲು ಬದಲಿಸುವ ವಿದ್ಯೆ ಎಂಬತ್ತು ವರ್ಷದಿಂದ ಗೊತ್ತಿದೆ.

ಹಾರ್ವರ್ಡಿನ ಖಗೋಳವಿಜ್ಞಾನಿ ಆವಿ ಲೋಬ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಮಿಶ್ರವಾದದ್ದು. 2014ರ ಜನವರಿ 8ರಂದು ಪಪುವಾ ನ್ಯೂಗಿನಿ ಬಳಿ ಕಡಲಿಗೆ ಬಿದ್ದ ಉಲ್ಕೆ ಬೇರೆ ನಕ್ಷತ್ರದಿಂದ ಬಂದದ್ದು, ಬಹುಶಃ ಯಂತ್ರದ ಭಾಗ ಎಂದು ಹೇಳಿ 2023ರ ಜೂನಿನಲ್ಲಿ ದೋಣಿ ಕಟ್ಟಿಕೊಂಡು ಹೋದರು. ಕಡಲ ತಳದಲ್ಲಿ ಅಯಸ್ಕಾಂತ ಎಳೆದು ಸಾಸಿವೆಗಿಂತ ಚಿಕ್ಕ ಲೋಹದ ಗುಂಡುಗಳನ್ನು ನೂರಾರು ಸಂಖ್ಯೆಯಲ್ಲಿ ಹೆಕ್ಕಿದರು. ಆ ಗುಂಡುಗಳ ಸಂಯೋಜನೆ ಕಲ್ಲಿದ್ದಲ ಬೂದಿಗೆ ಹೊಂದುತ್ತದೆ ಎಂದು ಒಬ್ಬರು ಲೆಕ್ಕ ತೋರಿಸಿದರು. ಉಲ್ಕೆಯ ಸದ್ದು ಎಂದುಕೊಂಡು ಜಾಗ ಗುರುತಿಸಲು ಬಳಸಿದ ಭೂಕಂಪಮಾಪಕದ ಕಂಪನ ಪಕ್ಕದ ರಸ್ತೆಯಲ್ಲಿ ಹೋದ ಟ್ರಕ್ಕಿನದ್ದೆಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರ ನೇತೃತ್ವದ ತಂಡ 2024ರಲ್ಲಿ ಹೇಳಿತು. ಲೋಬ್ ಒಪ್ಪಲಿಲ್ಲ. ಆದರೂ ಅವರು ಅಂಕಿಗಳನ್ನು ಪ್ರಕಟಿಸಿದ್ದರಿಂದಲೇ ತಪ್ಪು ತೋರಿಸಲು ಬೇರೆಯವರಿಗೆ ಸಾಧ್ಯವಾಯಿತು. 2025ರಲ್ಲಿ ಹೊರಗಿನಿಂದ ಬಂದು ಸೌರಮಂಡಲ ಹಾದುಹೋದ 3ಐ/ಅಟ್ಲಾಸ್ ಎಂಬ ಆಕಾಶಕಾಯದ ಬಗ್ಗೆಯೂ ಅವರು ಇಂಥದ್ದೇ ಸಂಶಯ ಎತ್ತಿದರು, ನಮ್ಮ ಟಿವಿಗಳಿಗೆ ಅದು ವಾರಗಟ್ಟಲೆ ಮೇವಾಯಿತು. ಅದು ಧೂಮಕೇತುವಿನ ಹಾಗೆ ಅನಿಲ ಬಿಟ್ಟಿತು, ಧೂಮಕೇತುವಿನ ಹಾಗೆ ಹೊರಟುಹೋಯಿತು.

ಮೆಕ್ಸಿಕೋದ ಪತ್ರಕರ್ತ ಹೈಮೆ ಮೌಸಾನ್ ಅವರದು ಬೇರೆ ಬಗೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಂಸತ್ತಿನಲ್ಲೇ ಎರಡು ಪೆಟ್ಟಿಗೆ ತೆರೆದು ‘ಮನುಷ್ಯರಲ್ಲದ ದೇಹ’ ಪ್ರದರ್ಶಿಸಿದರು. ಲೀಮಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರು ತಡೆದ ಅಂಥದ್ದೇ ಗೊಂಬೆಗಳನ್ನು ಪೆರು ದೇಶದ ವಿಧಿವಿಜ್ಞಾನ ತಜ್ಞರು ಬಿಚ್ಚಿದಾಗ ಸಿಕ್ಕದ್ದು ಪ್ರಾಣಿಗಳ ಮೂಳೆ, ಕಾಗದ, ಅಂಟು. 2025ರಲ್ಲಿ ಕೊಲಂಬಿಯಾದ ಬೂಗಾ ಊರಿನ ಲೋಹದ ಗುಂಡನ್ನು ಮೆರೆಸಿದ್ದೂ ಇದೇ ಬಳಗ. ಇದಕ್ಕೆ ಹೆಚ್ಚು ಹೇಳುವುದು ಬೇಡ.

ಅಕ್ಕಿ ಎಳೆಯುವ ತಂಬಿಗೆ

ಮೆಕ್ಸಿಕೋದ ಪೆಟ್ಟಿಗೆಯಿಂದ ಅಕ್ಕಲಕೋಟದ ಯಾರ ಹೊಲವೂ ಮಾರಾಟವಾಗಲಿಲ್ಲ. ಆದರೆ ಅದೇ ಉಪಾಯದ ದೇಸಿ ರೂಪಕ್ಕೆ ಹೊಲ, ತಾಳಿ, ಪಿಎಫ್ ಎಲ್ಲ ಕರಗಿವೆ. ‘ರೈಸ್ ಪುಲ್ಲರ್’ ಎಂಬ ಹೆಸರನ್ನು ಹೊಸೂರಿನಿಂದ ಕಾಸರಗೋಡಿನವರೆಗೆ, ಅನಂತಪುರದಿಂದ ಸೊಲ್ಲಾಪುರದವರೆಗೆ ಗಡಿಯ ಯಾವ ಪೊಲೀಸ್ ಠಾಣೆಯಲ್ಲಿ ಕೇಳಿದರೂ ಗೊತ್ತಿರುತ್ತದೆ. ಒಂದು ಹಳೆಯ ತಾಮ್ರದ ತಂಬಿಗೆ, ಇಲ್ಲವೇ ನಾಣ್ಯ. ಅದಕ್ಕೆ ಸಿಡಿಲು ಬಡಿದಿದೆ, ಅಂತರಿಕ್ಷದ ಶಕ್ತಿ ಇಳಿದಿದೆ, ಒಳಗೆ ಇರಿಡಿಯಂ ಇದೆ, ಅಕ್ಕಿಯ ಕಾಳನ್ನು ಎಳೆಯುತ್ತದೆ, ನಾಸಾದವರೋ ಇಸ್ರೋದವರೋ ಸಾವಿರಾರು ಕೋಟಿ ಕೊಟ್ಟು ಕೊಳ್ಳುತ್ತಾರೆ. ನೀವು ಮಾಡಬೇಕಾದ್ದು ಇಷ್ಟೇ, ‘ಟೆಸ್ಟಿಂಗ್ ಚಾರ್ಜ್’ ಕಟ್ಟಬೇಕು. ವಿಜ್ಞಾನಿ ಬರಬೇಕು, ವಿಕಿರಣ ತಡೆಯುವ ಅಂಗಿ ತರಿಸಬೇಕು, ಮಳೆ ಬಂದರೆ ದಿನ ಮುಂದೂಡಬೇಕು, ಮತ್ತೆ ಕಟ್ಟಬೇಕು. 2018ರಲ್ಲಿ ದೆಹಲಿ ಪೊಲೀಸರು ಬಂಧಿಸಿದ ತಂದೆ–ಮಗ ಹೀಗೆ ಒಬ್ಬ ವ್ಯಾಪಾರಿಯಿಂದ 1.43 ಕೋಟಿ ರೂಪಾಯಿ ಕಿತ್ತಿದ್ದರು. ಗಗನಯಾತ್ರಿಯ ವೇಷದಂಥ ಬೆಳ್ಳಿ ಬಣ್ಣದ ಸೂಟು ಹಾಕಿಕೊಂಡು ಪರೀಕ್ಷೆಯ ನಾಟಕವನ್ನೂ ಆಡಿದ್ದರು.

ಈ ಕಟ್ಟುಕತೆ ಗಟ್ಟಿಯಾಗಿ ನಿಲ್ಲುವುದಕ್ಕೆ ಅದರೊಳಗೆ ಒಂದು ಚೂರು ಸತ್ಯ ಸೇರಿರುವುದೇ ಕಾರಣ. ಇರಿಡಿಯಂಗೂ ಆಕಾಶಕ್ಕೂ ನಿಜವಾದ ನಂಟಿದೆ. 1980ರಲ್ಲಿ ಲೂಯಿ ಆಲ್ವಾರೆಜ್, ಅವರ ಮಗ ವಾಲ್ಟರ್ ಮತ್ತು ಜೊತೆಗಾರರು, ಡೈನೋಸಾರ್‌ಗಳು ಅಳಿದ ಕಾಲದ ಮಣ್ಣಿನ ಪದರದಲ್ಲಿ ಇರಿಡಿಯಂ ಅಸಹಜವಾಗಿ ಹೆಚ್ಚಿರುವುದನ್ನು ತೋರಿಸಿ, ದೊಡ್ಡ ಕ್ಷುದ್ರಗ್ರಹ ಬಿದ್ದಿರಬೇಕು ಎಂದರು. ನಮ್ಮ ದಖ್ಖನ್ ಲಾವಾದ ಪದರಗಳ ನಡುವೆ, ಕಛ್ಛದ ಅಂಜಾರಿನಲ್ಲಿ ಕೂಡ, ಇರಿಡಿಯಂ ಹೆಚ್ಚಿರುವ ಪದರಗಳು ಸಿಕ್ಕಿವೆ. ಆದರೆ ‘ಹೆಚ್ಚು’ ಎಂದರೆ ಎಷ್ಟು? ಸಾಮಾನ್ಯ ಉಲ್ಕಾಶಿಲೆಯಲ್ಲಿ ಟನ್ನಿಗೆ ಸುಮಾರು ಅರ್ಧ ಗ್ರಾಂ. ಭೂಮಿಯ ಮೇಲ್ಪದರದಲ್ಲಿ ಅದರ ನೂರರಲ್ಲಿ ಒಂದು ಪಾಲೂ ಇಲ್ಲ, ಅದಕ್ಕೇ ಆ ಅರ್ಧ ಗ್ರಾಂ ವಿಜ್ಞಾನಿಗಳಿಗೆ ಬೆರಳಚ್ಚಾಯಿತು. ಸಿಡಿಲು ಬಡಿದ ಮಾತ್ರಕ್ಕೆ ತಾಮ್ರ ಇರಿಡಿಯಂ ಆಗುವುದಿಲ್ಲ. ಒಂದು ಧಾತು ಇನ್ನೊಂದಾಗಬೇಕಾದರೆ ಪರಮಾಣುವಿನ ಗರ್ಭವೇ ಬದಲಾಗಬೇಕು.

ಇರಿಡಿಯಂ ಗುಟ್ಟಿನ ಲೋಹವೂ ಅಲ್ಲ. ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾದ ಗಣಿಗಳಿಂದ ಬರುತ್ತದೆ, ಸ್ಪಾರ್ಕ್ ಪ್ಲಗ್‌ಗೆ, ಹರಳು ಬೆಳೆಸುವ ಮೂಸೆಗೆ, ಹೈಡ್ರೋಜನ್ ತಯಾರಿಸುವ ಯಂತ್ರಕ್ಕೆ ಹೋಗುತ್ತದೆ. ದರ ಬಹಿರಂಗವಾಗಿ ಪ್ರಕಟವಾಗುತ್ತದೆ. 2021ರಲ್ಲಿ ಅದು ತುಟ್ಟಿಯಾದಾಗಲೂ ಒಂದು ಔನ್ಸಿಗೆ ಸುಮಾರು 6,000 ಡಾಲರ್ ಇತ್ತು. ಆಗ ಬಂಗಾರಕ್ಕಿಂತ ದುಬಾರಿಯಾಗಿತ್ತು ಹೌದು, ಸಾವಿರ ಕೋಟಿಯ ತಂಬಿಗೆ ಆಗಲಾರದು.

ಪರೀಕ್ಷೆಗೆ ವಿಜ್ಞಾನಿ ಬೇಡ, ಬಕೆಟ್ ಸಾಕು. ಇರಿಡಿಯಂ ನೀರಿಗಿಂತ 22.5 ಪಟ್ಟು ಭಾರ, ತಾಮ್ರ 9 ಪಟ್ಟು. ಅಂಚಿನವರೆಗೆ ನೀರು ತುಂಬಿದ ಬಕೆಟ್ಟಿನಲ್ಲಿ ತಂಬಿಗೆಯನ್ನು ಪೂರ್ತಿ ಮುಳುಗಿಸಿ, ಗಾಳಿ ಉಳಿಯದಂತೆ ಓರೆಮಾಡಿ, ಹೊರಚೆಲ್ಲಿದ ನೀರನ್ನು ಅಳೆಯಿರಿ. 100 ಮಿಲಿಲೀಟರ್ ಚೆಲ್ಲಿದ್ದರೆ ತಾಮ್ರದ ತಂಬಿಗೆ 900 ಗ್ರಾಂ ತೂಗಬೇಕು, ಇರಿಡಿಯಂನದಾದರೆ ಎರಡೂಕಾಲು ಕಿಲೋ. ಕಿರಾಣಿ ಅಂಗಡಿಯ ತಕ್ಕಡಿ ಈ ಜಗಳ ಬಗೆಹರಿಸುತ್ತದೆ. ಇನ್ನೂ ಬೇಕೆಂದರೆ ಸರಾಫ ಬಜಾರಿನಲ್ಲಿ ಬಂಗಾರದ ಹಾಲ್‌ಮಾರ್ಕ್ ಕೇಂದ್ರಗಳ ಎಕ್ಸ್‌ಆರ್‌ಎಫ್ ಯಂತ್ರವಿದೆ, ಕ್ಷ-ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಎಂದು ಕೆಲವೇ ನಿಮಿಷದಲ್ಲಿ ಹೇಳುತ್ತದೆ. ಅದು ನೋಡುವುದು ಮೇಲ್ಮೈಯನ್ನು ಮಾತ್ರ, ಮ್ಯಾಗ್ನೀಸಿಯಂ, ಅಲ್ಯುಮಿನಿಯಂನಂಥ ಹಗುರ ಧಾತುಗಳಲ್ಲಿ ಎಡವುತ್ತದೆ, ಪರಮಾಣುಗಳ ಪಾಲನ್ನೂ ಹೇಳಲಾರದು. ಇರಿಡಿಯಂ ಇದೆಯೋ ಇಲ್ಲವೋ ಎಂಬುದಕ್ಕೆ ಅಷ್ಟು ಸಾಕು. ಅಕ್ಕಿಯ ವಿಷಯ ಇನ್ನೂ ಸುಲಭ: ಕಾಳಿಗೆ ಕಬ್ಬಿಣದ ಪುಡಿ ಮೆತ್ತಿ ತಂಬಿಗೆಯೊಳಗೆ ಅಯಸ್ಕಾಂತ ಅಡಗಿಸಿದರೆ ಆಟ ಮುಗಿಯಿತು. ನಿಮ್ಮ ಮನೆಯ ಡಬ್ಬಿಯ ಅಕ್ಕಿ ತಂದು ಸುರಿಯಿರಿ, ಅವರು ಒಪ್ಪುವುದಿಲ್ಲ.

ಒಪ್ಪದಿರುವುದೇ ಆ ವ್ಯಾಪಾರದ ಬಂಡವಾಳ. ಇಲ್ಲಿ ಮಾರಾಟವಾಗುವುದು ತಂಬಿಗೆ ಅಲ್ಲ, ಪರೀಕ್ಷೆಯ ಮುಂದೂಡಿಕೆ. ಕೋಟಿ ಕಳೆದುಕೊಂಡವರು ದಡ್ಡರೂ ಅಲ್ಲ. ಅವರಲ್ಲಿ ವ್ಯಾಪಾರಿಗಳಿದ್ದಾರೆ, ನಿವೃತ್ತ ನೌಕರರಿದ್ದಾರೆ, ಓದಿದವರಿದ್ದಾರೆ. ‘ಪರೀಕ್ಷೆ ಆದ ಮೇಲೆ ದುಡ್ಡು’ ಎಂಬ ಒಂದೇ ಒಂದು ಶರತ್ತನ್ನು ಅವರು ಬಿಟ್ಟುಕೊಟ್ಟರು, ಅಷ್ಟೇ.

ಸರ್ಕಾರಿ ಅವಸರ

ಸಂಶಯವನ್ನು ಊರವರ ಮೇಲೆ ಮಾತ್ರ ಹೊರಿಸಿ ಅಧಿಕಾರಿಗಳನ್ನು ಬಿಟ್ಟುಬಿಡುವುದು ಸರಿಯಲ್ಲ. 2016ರ ಫೆಬ್ರವರಿ 6ರಂದು ಕೃಷ್ಣಗಿರಿ ಜಿಲ್ಲೆಗೆ ಹೊಂದಿಕೊಂಡ ನಾಟ್ರಂಪಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಸ್ಫೋಟವಾಗಿ ಒಬ್ಬ ಬಸ್ ಚಾಲಕ ಸತ್ತ. ಆಗ ಅದು ವೆಲ್ಲೂರು ಜಿಲ್ಲೆ, ಈಗ ತಿರುಪತ್ತೂರು. ಮರುದಿನವೇ ಮುಖ್ಯಮಂತ್ರಿ ಜಯಲಲಿತಾ ಉಲ್ಕೆ ಬಿದ್ದು ಸಾವು ಎಂದು ಹೇಳಿಕೆ ಕೊಟ್ಟು ಒಂದು ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಅದು ನಿಜವಾಗಿದ್ದರೆ ಆಧುನಿಕ ಕಾಲದಲ್ಲಿ ಉಲ್ಕೆಗೆ ಬಲಿಯಾದ ಮೊದಲ ದಾಖಲಿತ ಮನುಷ್ಯ ಅವನು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ತಂಡ ಸ್ಥಳಕ್ಕೆ ಹೋಯಿತು. ಚಿತ್ರಗಳನ್ನು ನೋಡಿದ ನಾಸಾ ವಿಜ್ಞಾನಿಗಳು ಇದು ನೆಲದ ಮೇಲಿನ ಸ್ಫೋಟದಂತೆ ಕಾಣುತ್ತದೆ ಎಂದರು. ಜಗತ್ತಿನ ವಿಜ್ಞಾನಿಗಳು ಒಪ್ಪುವಂಥ ಪುರಾವೆ ಹೊರಬರಲಿಲ್ಲ. ಘೋಷಣೆ ಮೊದಲು, ತನಿಖೆ ಆಮೇಲೆ. ಹಾಗಾದಾಗ ನಿಜವಾದ ಕಾರಣ ಹುಡುಕುವವರಿಗೆ ಕೆಲಸವೇ ಉಳಿಯುವುದಿಲ್ಲ, ಉಲ್ಕೆಯ ಮೇಲೆ ಯಾರೂ ಎಫ್‌ಐಆರ್ ಹಾಕುವುದಿಲ್ಲವಲ್ಲ.

ಗಡಿ ಜಿಲ್ಲೆಯ ಕನ್ನಡಿಗರಿಗೆ ಇನ್ನೊಂದು ಪೇಚಿದೆ. ಆಕಾಶದಿಂದ ಏನೋ ಬಿತ್ತು ಎಂಬ ಸುದ್ದಿ ಬೆಂಗಳೂರಿನ ಚಾನೆಲ್ಲುಗಳ ಮೂಲಕ ಕನ್ನಡದಲ್ಲೇ, ಹಿನ್ನೆಲೆ ಸಂಗೀತದ ಸಮೇತ ತಕ್ಷಣ ನಮ್ಮ ಮೊಬೈಲಿಗೆ ಬರುತ್ತದೆ. ಅದು ಬಲೂನು ಅಥವಾ ರಾಕೆಟ್ಟಿನ ಟ್ಯಾಂಕು ಎಂಬ ಉತ್ತರ ಜಿಲ್ಲಾಡಳಿತದಿಂದ ಮರಾಠಿಯಲ್ಲಿ, ಕೆಲವು ದಿನದ ಮೇಲೆ, ಒಳಪುಟದಲ್ಲಿ ಬರುತ್ತದೆ. ಬೆಂಗಳೂರಿನವರಿಗೆ ಸೊಲ್ಲಾಪುರ ಹೊರರಾಜ್ಯ, ಆ ಉತ್ತರವನ್ನು ಹಿಂಬಾಲಿಸುವ ವರದಿಗಾರ ಅವರಿಗಿಲ್ಲ. ಹೀಗಾಗಿ ಒಂದೇ ತಾಲ್ಲೂಕಿನಲ್ಲಿ ಮರಾಠಿ ಓದುವವನಿಗೆ ಪ್ರಕರಣ ಮುಗಿದಿರುತ್ತದೆ, ಕನ್ನಡ ಮಾತ್ರ ಓದುವ ಅಜ್ಜನಿಗೆ ಅದು ಇನ್ನೂ ಹಾರುವ ತಟ್ಟೆಯಾಗಿಯೇ ಉಳಿದಿರುತ್ತದೆ. ಜಲಸಂಗಿಯ ಪೆಟ್ಟಿಗೆಯ ಜೊತೆಗಿದ್ದ ಕನ್ನಡ ಪತ್ರ ಮಾಡಿದ ಕೆಲಸವನ್ನು ನಮ್ಮ ತಹಶೀಲ್ದಾರ್ ಕಚೇರಿ ಮಾಡಲಾರದೇ?

ಮುಂದೆ ನಿಮ್ಮ ಹೊಲದಲ್ಲೇ ಏನಾದರೂ ಬಿದ್ದರೆ ಮುಟ್ಟಬೇಡಿ. ರಾಕೆಟ್ಟಿನ ಟ್ಯಾಂಕಿನಲ್ಲಿ ಹೈಡ್ರಜೀನ್ ಎಂಬ ವಿಷಕಾರಿ ಇಂಧನದ ಉಳಿಕೆ ಇರಬಹುದು, ಬಲೂನಿನ ಪೆಟ್ಟಿಗೆಯಲ್ಲಿ ಹೈವೋಲ್ಟೇಜ್ ಇರಬಹುದು. ಪಕ್ಕದಲ್ಲಿ ಕುಡಗೋಲೋ ಚಪ್ಪಲಿಯೋ ಇಟ್ಟು, ಅಳತೆ ತಿಳಿಯುವ ಹಾಗೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ, ಬಿದ್ದ ಹೊತ್ತು ಬರೆದಿಡಿ, ಪೊಲೀಸರಿಗೆ ತಿಳಿಸಿ. ಟಿಐಎಫ್‌ಆರ್ ಪೆಟ್ಟಿಗೆಯಾದರೆ ಅದರ ಮೇಲೆಯೇ ವಿಳಾಸ, ಫೋನ್ ನಂಬರ್ ಇರುತ್ತದೆ. ಕೆಡಿಸದೆ ತಿಳಿಸಿದವರಿಗೆ ಬಹುಮಾನ ಕೊಡುವ ವಾಡಿಕೆಯೂ ಇದೆ. ರಾಕೆಟ್ಟಿನ ಭಾಗವಾದರೆ ಅದು ಹಾರಿಸಿದ ದೇಶದ ಆಸ್ತಿ. ಭಾರತ ಒಪ್ಪಿಕೊಂಡಿರುವ 1968ರ ಅಂತರರಾಷ್ಟ್ರೀಯ ಒಪ್ಪಂದದಂತೆ ಆ ದೇಶಕ್ಕೂ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೂ ಸುದ್ದಿ ಹೋಗಬೇಕು, ಬೆಳೆಹಾನಿಯಾಗಿದ್ದರೆ 1972ರ ಒಪ್ಪಂದದ ಪ್ರಕಾರ ನಮ್ಮ ಸರ್ಕಾರ ಪರಿಹಾರ ಕೇಳಬಹುದು. ವಸ್ತುವನ್ನು ಜೀಪಿಗೆ ಹಾಕುವ ಮೊದಲು ಪಂಚನಾಮೆ ಆಗಲಿ. ಅದರಲ್ಲಿ ತೂಕ, ಅಳತೆ, ಯಾವ ಕಚೇರಿಗೆ ಒಯ್ಯುತ್ತಿದ್ದಾರೆ ಎಂಬುದನ್ನು ಬರೆಸಿ, ನಕಲು ಕೇಳಿ ಪಡೆಯಿರಿ. ತಿಂಗಳಾದರೂ ವರದಿ ಬರದಿದ್ದರೆ ಆ ನಕಲಿನ ದಿನಾಂಕ ಹಾಕಿ ಮಾಹಿತಿ ಹಕ್ಕಿನ ಅರ್ಜಿ ಕೊಡಿ, ಹತ್ತು ರೂಪಾಯಿ ಶುಲ್ಕ.